ಕೋಡಿ ಇಟ್ಟು ಬರೆಯುವವರು

ಕನ್ನಡ ವಿಕಿಪೀಡಿಯದಲ್ಲಿ ಊರೊಂದರ ಪುಟ ತೆರೆದರೆ ಪಕ್ಕದಲ್ಲೊಂದು ಪೆಟ್ಟಿಗೆ ಕಾಣುತ್ತದೆ. ರಾಜ್ಯ, ಜಿಲ್ಲೆ, ತಾಲ್ಲೂಕು, ಜನಸಂಖ್ಯೆ, ವಿಸ್ತೀರ್ಣ, ಪಿನ್ ಕೋಡ್ ಎಲ್ಲ ಅದರಲ್ಲಿ ಸಾಲಾಗಿ ಕೂತಿರುತ್ತವೆ. ಮಾಹಿತಿ ತುಂಬಿದವರು ಮನುಷ್ಯರೇ. ಆದರೆ ಅದನ್ನು ಒಪ್ಪವಾಗಿ ಜೋಡಿಸುವುದು, ಕಿಲೋಮೀಟರನ್ನು ಮೈಲಿಗೆ ತಿರುಗಿಸುವುದು, ಜನಸಂಖ್ಯೆಯನ್ನು ವಿಸ್ತೀರ್ಣದಿಂದ ಭಾಗಿಸಿ ಸಾಂದ್ರತೆ ಹೇಳುವುದು, ಇಂಥ ಕೆಲಸಕ್ಕೆಲ್ಲ ಪುಟದ ಹಿಂದೆ ಪುಟ್ಟ ಪುಟ್ಟ ಸ್ಕ್ರಿಪ್ಟುಗಳಿರುತ್ತವೆ. ಅವನ್ನು ಬರೆಯುವುದು ಲುವಾ ಎಂಬ ಭಾಷೆಯಲ್ಲಿ. 2013ರಿಂದ ವಿಕಿಪೀಡಿಯದ ಎಲ್ಲ ಭಾಷೆಗಳ ಆವೃತ್ತಿಗಳಲ್ಲೂ ಅದು ಬಳಕೆಯಲ್ಲಿದೆ.

ಕಡೂರು ತಾಲ್ಲೂಕಿನ ಚೌಳಹಿರಿಯೂರಿನ ಪುಟವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಊರಿನ ಮೇಲೂ ನುಡಿಯ ಮೇಲೂ ಅಭಿಮಾನವಿರುವ ಒಬ್ಬರು ಜನಸಂಖ್ಯೆಯ ಜಾಗದಲ್ಲಿ ‘೪೨೦೦’ ಎಂದು ಕನ್ನಡ ಅಂಕಿಯಲ್ಲೇ ತುಂಬಿದರು ಎನ್ನಿ. ಸಂಖ್ಯೆ ಬರೀ ಉದಾಹರಣೆಯದು. ಅವರು ಮಾಡಿದ್ದರಲ್ಲಿ ತಪ್ಪೇನಿಲ್ಲ. ಆದರೆ ಲುವಾಕ್ಕೆ ಅಂಕಿ ಎಂದರೆ 0ಯಿಂದ 9ರವರೆಗಿನ ಹತ್ತು ಗುರುತುಗಳು ಮಾತ್ರ. ‘೪೨೦೦’ ಕೊಟ್ಟು, ಇದನ್ನು ಸಂಖ್ಯೆ ಮಾಡು ಎಂದರೆ ಅದು ತಕರಾರು ಮಾಡುವುದಿಲ್ಲ. ಸುಮ್ಮನೆ ‘ನಿಲ್’ ಎಂಬುದನ್ನು ವಾಪಸು ಕೊಡುತ್ತದೆ. ನಿಲ್ ಎಂದರೆ ಏನೂ ಇಲ್ಲ, ಸೊನ್ನೆ ಕೂಡ ಅಲ್ಲ. ಮುಂದೆ ಯಾವುದೋ ಸಾಲಿನಲ್ಲಿ ಆ ‘ಏನೂ ಇಲ್ಲ’ವನ್ನು ವಿಸ್ತೀರ್ಣದಿಂದ ಭಾಗಿಸಲು ಹೋದಾಗ ಸ್ಕ್ರಿಪ್ಟು ಅಲ್ಲೇ ಕುಸಿಯುತ್ತದೆ. ಪೆಟ್ಟಿಗೆ ಇರಬೇಕಾದ ಕಡೆ ಕೆಂಪಕ್ಷರದ ಒಂದು ಸಾಲು ಮೂಡುತ್ತದೆ. ಸರಿಯಾಗಿಯೇ ಇದ್ದ ಜಿಲ್ಲೆ, ತಾಲ್ಲೂಕು, ಪಿನ್ ಕೋಡುಗಳೂ ಅದರ ಜೊತೆ ಮಾಯವಾಗುತ್ತವೆ.

‘ನಿಲ್’ ಎಂಬುದು ಕನ್ನಡದ ಕಿವಿಗೆ ‘ನಿಲ್ಲು’ ಎಂದು ಕೇಳುತ್ತದೆ. ಅದು ನಿಜವಾಗಿ ಅಲ್ಲೇ ನಿಲ್ಲಿಸಿದ್ದರೆ ಎಷ್ಟೋ ಚೆನ್ನಾಗಿತ್ತು. ತಪ್ಪು ಹುಟ್ಟಿದ್ದು ಒಂದು ಸಾಲಿನಲ್ಲಿ, ಸ್ಕ್ರಿಪ್ಟು ಬಿದ್ದದ್ದು ಇನ್ನೊಂದರಲ್ಲಿ. ಎರಡರ ನಡುವೆ ಇಪ್ಪತ್ತು ಸಾಲಿರಬಹುದು, ಮೂರು ಫೈಲುಗಳೇ ಇರಬಹುದು. ಸ್ಕ್ರಿಪ್ಟ್ ಬರೆಯುವವರ ಅರ್ಧ ಆಯಸ್ಸು ಈ ದಾರಿಯನ್ನು ಹಿಂದಕ್ಕೆ ನಡೆಯುವುದರಲ್ಲೇ ಸವೆಯುತ್ತದೆ. ಕೈ ಪಳಗಿದವರು ಆ ದಾರಿಯನ್ನು ಮೊದಲೇ ಚಿಕ್ಕದು ಮಾಡಿಡುತ್ತಾರೆ. ಹೆಸರುಗಳಿಗೆ ಏರಿ ಹಾಕುತ್ತಾರೆ, ತಪ್ಪುಗಳಿಗೆ ಕೋಡಿ ಬಿಡುತ್ತಾರೆ. ಅವರ ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಚೆನ್ನಾಗಿ ಮಾಡಿದಷ್ಟೂ ಬೀಳುವುದಿಲ್ಲ. ಅದಕ್ಕೇ ಅದನ್ನು ಹತ್ತಿರದಿಂದ ತೋರಿಸಬೇಕೆಂಬ ಆಸೆ ನನಗೆ.

ಏರಿ, ಕೋಡಿ ಎಂಬ ಮಾತುಗಳು ಕಡೂರು ಸೀಮೆಯಿಂದಲೇ ಬಂದವು. ಮಲೆನಾಡು ಮುಗಿದು ಬಯಲು ಶುರುವಾಗುವ ನೆಲ ಅದು. ಪಡುವಣ ಗುಡ್ಡಗಳಲ್ಲಿ ಸುರಿದ ಮಳೆ ಸಖರಾಯಪಟ್ಟಣದ ಅಯ್ಯನಕೆರೆಯನ್ನೂ ಮದಗದ ಕೆರೆಯನ್ನೂ ತುಂಬುತ್ತದೆ. ವೇದಾ, ಅವತಿ ಎಂಬ ಎರಡು ಹೊಳೆಗಳಾಗಿ ಇಳಿದು, ಕಡೂರಿನ ಹತ್ತಿರ ಕೂಡಿಕೊಂಡು ವೇದಾವತಿಯಾಗುತ್ತದೆ. ಮಳೆಯನ್ನು ಪೂರ್ತಿ ನಂಬಲಾಗದ ಈ ಬಯಲಿನಲ್ಲಿ ಕೆರೆ ಕಟ್ಟಿದವರು ಪ್ರತಿ ಕೆರೆಗೂ ಮೂರು ಅಂಗ ಕೊಟ್ಟರು. ನೀರನ್ನು ಹಿಡಿದಿಡುವ ಏರಿ. ಬೇಕಾದಾಗ ಬೇಕಾದಷ್ಟನ್ನು ಗದ್ದೆಗೆ ಬಿಡುವ ತೂಬು. ಕೆರೆ ತುಂಬಿ ಮಿಕ್ಕ ನೀರು ಏರಿಯನ್ನು ಒಡೆಯದೆ ಹೊರಗೆ ಹೋಗಲು ಕೋಡಿ. ಸ್ಕ್ರಿಪ್ಟಿನಲ್ಲಿ ಫಂಕ್ಷನ್ ಎಂದು ಕರೆಯುತ್ತೇವಲ್ಲ, ಒಂದು ಕೆಲಸವನ್ನು ಒಂದು ಹೆಸರಿನಡಿ ಕಟ್ಟಿಡುವ ತುಂಡು, ಅದಕ್ಕೂ ಇವೇ ಮೂರು ಅಂಗ. ಒಳಗಿನ ಹೆಸರುಗಳು ಹೊರಗೆ ಹರಿಯದಂತೆ ತಡೆಯುವ ವ್ಯಾಪ್ತಿ ಅದರ ಏರಿ. ಕೊಡಬೇಕಾದ ಉತ್ತರವನ್ನು ಹೊರಗೆ ಬಿಡುವುದು ತೂಬು. ಎಣಿಸದೆ ಬಂದದ್ದು ಹೊರಹೋಗುವ ದಾರಿ ಕೋಡಿ.

ಮೊದಲು ಏರಿಯ ಮಾತು.

ಈ ಸೀಮೆಯ ಯಾವ ಹಳ್ಳಿಯಲ್ಲಾದರೂ ‘ಸಂಜೆ ಕೆರೆ ಏರಿ ಮೇಲೆ ಸಿಗು’ ಎಂದರೆ ಯಾವ ಕೆರೆ ಎಂದು ಯಾರೂ ಕೇಳುವುದಿಲ್ಲ. ಊರೊಳಗೆ ‘ಕೆರೆ’ ಎಂದರೆ ಊರ ಕೆರೆ. ಹೋಬಳಿಯ ಸಂತೆಯಲ್ಲಿ ನಿಂತು ಅದೇ ಮಾತು ಆಡಿದರೆ ಊರಿನ ಹೆಸರು ಸೇರಿಸಬೇಕಾಗುತ್ತದೆ. ಹೆಸರು ಒಂದೇ, ಅದು ತೋರಿಸುವ ವಸ್ತು ಮಾತ್ರ ನಿಂತ ನೆಲದ ಮೇಲೆ ಬದಲಾಗುತ್ತದೆ. ಚೌಳಹಿರಿಯೂರಿನ ಹೆಸರನ್ನೇ ನೋಡಿ. ಬರೀ ‘ಹಿರಿಯೂರು’ ಎಂದರೆ ನಾಡಿನ ಹೆಚ್ಚಿನವರಿಗೆ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಕೇಂದ್ರ ನೆನಪಾಗುತ್ತದೆ. ‘ಚೌಳ’ ಮುಂದೆ ಬಂದ ಕೂಡಲೇ ಗೊಂದಲ ತೀರಿತು. ‘ಕಡೂರು’ ಇನ್ನೂ ತೊಡಕಿನ ಹೆಸರು. 1863ರಿಂದ 1947ರವರೆಗೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಎಂಬ ಹೆಸರಿತ್ತು. 1865ರಲ್ಲೇ ಕೇಂದ್ರ ಚಿಕ್ಕಮಗಳೂರಿಗೆ ಹೋದರೂ ಹೆಸರು ಉಳಿಯಿತು. ಹಳೆಯ ಕಾಗದದಲ್ಲಿ ‘ಕಡೂರು’ ಎಂದು ಕಂಡರೆ ಅದು ಪಟ್ಟಣವೋ ತಾಲ್ಲೂಕೋ ಜಿಲ್ಲೆಯೋ ಎಂದು ಹಿಂದುಮುಂದಿನ ಸಾಲು ಓದಿಯೇ ತಿಳಿಯಬೇಕು.

ಮನುಷ್ಯರು ಹಿಂದುಮುಂದು ಓದಿ ಸರಿಮಾಡಿಕೊಳ್ಳುತ್ತಾರೆ. ಕಂಪ್ಯೂಟರಿಗೆ ಆ ಸೌಲಭ್ಯವಿಲ್ಲ. ಆದ್ದರಿಂದ ಒಂದು ಹೆಸರು ಎಲ್ಲಿಂದ ಎಲ್ಲಿಯವರೆಗೆ ಯಾವ ವಸ್ತುವನ್ನು ತೋರಿಸುತ್ತದೆ ಎಂಬುದನ್ನು ಭಾಷೆಯೇ ಕಟ್ಟಳೆಯಾಗಿ ಹೇಳಬೇಕು. ಲುವಾದಲ್ಲಿ ಆ ಕಟ್ಟಳೆ ಸರಳ. ಹೆಸರಿನ ಮುಂದೆ ‘ಲೋಕಲ್’ ಎಂದು ಬರೆದರೆ ಅದು ಆ ತುಂಡಿನೊಳಗೆ ಮಾತ್ರ ಬದುಕುತ್ತದೆ. ಬರೆಯದಿದ್ದರೆ ಇಡೀ ಸ್ಕ್ರಿಪ್ಟಿಗೆ ಸಾರ್ವಜನಿಕ. ಏರಿ ಹಾಕಬೇಕೆಂದು ನಾವೇ ಹೇಳಬೇಕು, ಮರೆತರೆ ನೀರು ಎಲ್ಲ ಕಡೆ. ಪೈಥಾನ್ ಎಂಬ ಇನ್ನೊಂದು ಭಾಷೆಯಲ್ಲಿ ಇದು ತಿರುಗುಮುರುಗು: ಫಂಕ್ಷನ್ನಿನೊಳಗೆ ಹೊಸ ಹೆಸರಿಗೆ ಬೆಲೆ ಕೊಟ್ಟರೆ ಅದು ತಾನಾಗಿಯೇ ಒಳಗಿನದು. ಶೆಲ್ ಸ್ಕ್ರಿಪ್ಟುಗಳದ್ದು ಲುವಾದಂತೆಯೇ ಬೇಲಿಯಿಲ್ಲದ ಹೊಲ. ನನ್ನ ಕೇಳಿದರೆ, ಲುವಾ ಮಾಡಿದ ಆಯ್ಕೆಗಳಲ್ಲಿ ಒಪ್ಪಲಾಗದ್ದು ಇದೊಂದೇ.

ಏರಿ ಮರೆತರೆ ಏನಾಗುತ್ತದೆ ಎಂಬುದನ್ನು ಅಂಕಿಗಳಿಟ್ಟು ನೋಡುವುದೇ ಒಳ್ಳೆಯದು. ತಾಲ್ಲೂಕಿನ ಕೆರೆಗಳನ್ನು ಎಣಿಸುವ ಎರಡು ಫಂಕ್ಷನ್ನುಗಳಿವೆ ಎನ್ನಿ. ಒಂದು ಹೋಬಳಿಯದು: ‘ಮೊತ್ತ’ವನ್ನು ಸೊನ್ನೆ ಮಾಡಿಕೊಂಡು, ಹಳ್ಳಿ ಹಳ್ಳಿಯ ಕೆರೆ ಕೂಡಿಸಿ, ‘ಮೊತ್ತ’ವನ್ನು ವಾಪಸು ಕೊಡುತ್ತದೆ. ಇನ್ನೊಂದು ತಾಲ್ಲೂಕಿನದು: ತನ್ನ ‘ಮೊತ್ತ’ವನ್ನು ಸೊನ್ನೆ ಮಾಡಿಕೊಂಡು, ಪ್ರತಿ ಹೋಬಳಿಯ ಉತ್ತರವನ್ನು ತರಿಸಿ ಪಕ್ಕಕ್ಕಿಟ್ಟು, ಮುಂದಿನ ಸಾಲಿನಲ್ಲಿ ಅದನ್ನು ‘ಮೊತ್ತ’ಕ್ಕೆ ಸೇರಿಸುತ್ತದೆ. ಹೋಬಳಿಗಳು ಮೂರು, ಕೆರೆಗಳು 12, 9, 7 ಎಂದಿಟ್ಟುಕೊಳ್ಳಿ. ಉತ್ತರ 28 ಬರಬೇಕು. ಎರಡೂ ಕಡೆ ‘ಲೋಕಲ್’ ಮರೆತಿದ್ದರೆ ಬರುವುದು 14. ಏಕೆಂದರೆ ಎರಡು ಫಂಕ್ಷನ್ನುಗಳೂ ‘ಮೊತ್ತ’ ಎಂಬ ಒಂದೇ ಮಡಕೆಗೆ ಕೈ ಹಾಕುತ್ತಿವೆ. ಮೂರನೆಯ ಹೋಬಳಿಯ ಲೆಕ್ಕ ಶುರುವಾದಾಗ ತಾಲ್ಲೂಕು ಅಲ್ಲಿಯತನಕ ಕೂಡಿಟ್ಟದ್ದೆಲ್ಲ ಸೊನ್ನೆಯಾಯಿತು. ಎಣಿಕೆ ಮುಗಿದಾಗ ಮಡಕೆಯಲ್ಲಿ 7 ಇತ್ತು, ಪಕ್ಕಕ್ಕಿಟ್ಟದ್ದೂ 7, ಕೂಡಿದರೆ 14.

ಈ 14ನ್ನು ನೋಡಿದರೆ ನನಗೆ ಇಂದಿಗೂ ಭಯವಾಗುತ್ತದೆ. ಕೆಂಪು ಸಾಲಿಲ್ಲ, ಗದ್ದಲವಿಲ್ಲ, ನಂಬಬಹುದಾದಂಥ ಒಂದು ಸಂಖ್ಯೆ. ಅದನ್ನು ಯಾರೋ ವರದಿಯಲ್ಲಿ ಹಾಕುತ್ತಾರೆ, ಇನ್ಯಾರೋ ಅದರ ಮೇಲೆ ತೀರ್ಮಾನ ಮಾಡುತ್ತಾರೆ. ಲೆಕ್ಕ ಹಾಕಿದ ಎರಡೂ ಫಂಕ್ಷನ್ನುಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಎರಡೂ ಸರಿ. ಜೊತೆಗಿಟ್ಟಾಗ ಮಾತ್ರ ಒಂದು ಇನ್ನೊಂದರ ಅನ್ನ ಉಣ್ಣುತ್ತದೆ.

ಕಾಗುಣಿತದ ತಪ್ಪೂ ಇದೇ ಜಾತಿಯದು. ‘janasankhye’ ಎಂದಿದ್ದ ಹೆಸರನ್ನು ಒಂದು ಕಡೆ ‘janasankhe’ ಎಂದು ಬರೆದರೆ ಲುವಾ ಅದನ್ನು ಹೊಸ ಸಾರ್ವಜನಿಕ ಹೆಸರು ಎಂದು ತಿಳಿದು ನಿಲ್ ಕೊಟ್ಟು ಕೂರುತ್ತದೆ. ಇದಕ್ಕೆ ಮದ್ದಿದೆ. ವಿಕಿಪೀಡಿಯದ ಮಾಡ್ಯೂಲುಗಳ, ಅಂದರೆ ಈ ಸ್ಕ್ರಿಪ್ಟುಗಳನ್ನು ಬರೆದಿಡುವ ಪುಟಗಳ, ನೆತ್ತಿಯಲ್ಲಿ ‘ಸ್ಟ್ರಿಕ್ಟ್’ ಎಂಬುದನ್ನು ಕರೆಯುವ ಒಂದೇ ಒಂದು ಸಾಲನ್ನು ಬಲ್ಲವರು ಹಾಕಿಡುತ್ತಾರೆ. ಆಮೇಲೆ ಘೋಷಿಸದ ಯಾವುದೇ ಹೆಸರನ್ನು ಮುಟ್ಟಿದರೂ ಸ್ಕ್ರಿಪ್ಟು ಅಲ್ಲೇ ಕೂಗಿಕೊಂಡು ನಿಲ್ಲುತ್ತದೆ. ಹೊಸಬರಿಗೆ ಇದು ಉಪದ್ರವ ಅನ್ನಿಸುತ್ತದೆ. ನಾಲ್ಕು ದಿನ ಕಳೆದ ಮೇಲೆ ಆ ಸಾಲಿಲ್ಲದ ಫೈಲನ್ನು ಮುಟ್ಟಲು ಮನಸ್ಸು ಬರುವುದಿಲ್ಲ. ಸದ್ದಿಲ್ಲದ ತಪ್ಪನ್ನು ಸದ್ದು ಮಾಡುವ ತಪ್ಪಾಗಿ ಬದಲಿಸುವುದು ಈ ಕಸುಬಿನ ಮೊದಲ ಪಟ್ಟು.

ಹೆಸರಿನ ವ್ಯಾಪ್ತಿಯನ್ನು ಗುರುತಿಸುವುದರಲ್ಲಿ ಎರಡು ಸಂಪ್ರದಾಯಗಳಿವೆ. ಒಂದರಲ್ಲಿ ಫಂಕ್ಷನ್ ತನ್ನನ್ನು ಯಾರು ಕರೆದರೋ ಅವರ ಹೆಸರುಗಳನ್ನು ಕಾಣುತ್ತದೆ. 1960ರ ದಶಕದಲ್ಲಿ ಮಕ್ಕಳಿಗಾಗಿ ಹುಟ್ಟಿದ ಲೋಗೊ ಭಾಷೆ ಈ ದಾರಿಯದು. ಲೋಗೊವನ್ನು ಯು. ಬಿ. ಪವನಜ ಅವರು ಕನ್ನಡಕ್ಕೆ ತಂದಿದ್ದಾರೆ, ಅದರ ಪರದೆಯ ಮೇಲೆ ಓಡಾಡುವ ಆಮೆಗೆ ಕನ್ನಡದಲ್ಲೇ ಅಪ್ಪಣೆ ಕೊಟ್ಟು ಚಿತ್ರ ಬರೆಸಬಹುದು. ಇನ್ನೊಂದು ಸಂಪ್ರದಾಯದಲ್ಲಿ ಫಂಕ್ಷನ್ ತಾನು ಎಲ್ಲಿ ಬರೆಯಲ್ಪಟ್ಟಿತೋ ಆ ಜಾಗದ ಹೆಸರುಗಳನ್ನು ಕಾಣುತ್ತದೆ, ಯಾರು ಎಲ್ಲಿಂದ ಕರೆದರೂ ಸರಿ. ಲುವಾ ಈ ದಾರಿಯದು. ಹುಟ್ಟಿದೂರಿನ ಬುತ್ತಿ ಕಟ್ಟಿಕೊಂಡು ಪರಊರಿಗೆ ಹೋದಂತೆ ಫಂಕ್ಷನ್ ತನ್ನ ಸುತ್ತಲಿನ ಲೋಕಲ್ ಹೆಸರುಗಳನ್ನು ಹೊತ್ತುಕೊಂಡೇ ಹೋಗುತ್ತದೆ. ಬುತ್ತಿ ಎಲ್ಲಿ ಕಟ್ಟಿದ್ದು ಎಂದು ಫೈಲು ಓದಿದರೆ ಗೊತ್ತಾಗುತ್ತದೆ, ಓಡಿಸಿ ನೋಡಬೇಕಿಲ್ಲ. ಓದಿ ತಿಳಿಯುವಂತಿರುವುದೇ ದೊಡ್ಡದು ಎಂಬ ಪಕ್ಷ ನನ್ನದು.

ಲುವಾದ ಹುಟ್ಟೂರಿನ ಬಗ್ಗೆಯೂ ಎರಡು ಮಾತು ಹೇಳಿಬಿಡುತ್ತೇನೆ. 1993ರಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ರೊಬೆರ್ಟೊ ಇಯೆರುಸಲಿಮ್‌ಸ್ಕಿ, ಲೂಯಿಜ್ ಎನ್ರಿಕೆ ಡಿ ಫಿಗೆರೆಡೊ, ವಾಲ್ಡೆಮಾರ್ ಸೆಲೆಸ್ ಎಂಬ ಮೂವರು ಇದನ್ನು ಕಟ್ಟಿದರು. ಪೋರ್ಚುಗೀಸಿನಲ್ಲಿ ಲುವಾ ಎಂದರೆ ಚಂದ್ರ. ಅದಕ್ಕೂ ಮುಂಚೆ ಅದೇ ಗುಂಪಿನ ಒಂದು ಭಾಷೆಗೆ ‘ಸೋಲ್’ ಎಂದು ಹೆಸರಿತ್ತು, ಅಂದರೆ ಸೂರ್ಯ. 1992ರವರೆಗೆ ಬ್ರೆಜಿಲ್ ಹೊರಗಿನ ಕಂಪ್ಯೂಟರು, ಸಾಫ್ಟ್‌ವೇರುಗಳಿಗೆ ಬಿಗಿ ತಡೆ ಹಾಕಿತ್ತು. ಬೇಕಾದ್ದನ್ನು ತಾವೇ ಮಾಡಿಕೊಳ್ಳುವುದು ಅಲ್ಲಿಯವರಿಗೆ ರೂಢಿಯಾಗಿತ್ತು. ಪೆಟ್ರೊಬ್ರಾಸ್ ಎಂಬ ಎಣ್ಣೆ ಕಂಪನಿಯ ಎಂಜಿನಿಯರುಗಳು, ಅಂದರೆ ಪ್ರೋಗ್ರಾಮಿಂಗ್ ವೃತ್ತಿಯಲ್ಲದವರು, ಬಳಸಲೆಂದು ಹುಟ್ಟಿದ ಭಾಷೆಯಾದ್ದರಿಂದ ಅದರ ದೋಷ ಸಂದೇಶಗಳಲ್ಲಿ ಒಂದು ಸೌಜನ್ಯವಿದೆ. ನಿಲ್ ಬೆಲೆಯ ಮೇಲೆ ಲೆಕ್ಕ ಮಾಡಲು ಹೋದಿರಿ ಎಂದಷ್ಟೇ ಹೇಳಿ ಕೈತೊಳೆಯುವುದಿಲ್ಲ. ಆ ಹೆಸರು ಯಾವುದು, ಅದು ಲೋಕಲ್ ಹೆಸರೋ ಸಾರ್ವಜನಿಕ ಹೆಸರೋ ಎಂಬುದನ್ನೂ ಹೇಳುತ್ತದೆ. ಲೋಕಲ್ ಎಂದುಕೊಂಡಿದ್ದ ಹೆಸರನ್ನು ಸಂದೇಶ ಸಾರ್ವಜನಿಕ ಎಂದರೆ ಅರ್ಧ ರೋಗ ಪತ್ತೆಯಾದಂತೆ.

ಇನ್ನು ಕೋಡಿ.

ವೇದಾವತಿ ಹೋಗಿ ಸೇರುವ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ, 1907ರಲ್ಲಿ ಕಟ್ಟಿ ಮುಗಿಸಿದ ಜಲಾಶಯ. ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿತ್ತು. ಆಮೇಲೆ ಜನ ಮತ್ತೆ ಕೋಡಿ ಬಿದ್ದದ್ದನ್ನು ಸಂಭ್ರಮದಿಂದ ನೋಡಿದ್ದು 2022ರಲ್ಲಿ. ನಡುವೆ ಹೆಚ್ಚುಕಡಿಮೆ ಒಂಬತ್ತು ದಶಕ. ಅಷ್ಟು ಕಾಲ ಒಣಗಿ ಬಿದ್ದಿದ್ದ ಆ ಜಾಗವನ್ನು ನೋಡಿದವರಿಗೆ ಇದು ಏಕೆ ಬೇಕಿತ್ತು ಎನ್ನಿಸಿರಬಹುದು. ಕಟ್ಟಿದವರು ಹಾಗೆ ಎಣಿಸಲಿಲ್ಲ. ಕೋಡಿಯಿಲ್ಲದ ಕಟ್ಟೆ ಮುಗಿದ ಕಟ್ಟೆಯೇ ಅಲ್ಲ ಎಂಬುದು ಅವರ ಲೆಕ್ಕ. ದೋಷ ನಿರ್ವಹಣೆ ಎಂದರೆ ಏನು ಎಂದು ಕೇಳುವ ಹುಡುಗರಿಗೆ ನಾನು ಮಾರಿಕಣಿವೆಯನ್ನೇ ತೋರಿಸುತ್ತೇನೆ.

ಲುವಾದಲ್ಲಿ ಕೋಡಿಯ ಹೆಸರು ‘ಪಿಕಾಲ್’, ರಕ್ಷಿತ ಕರೆ ಎಂದು ಅರ್ಥ. ಫಂಕ್ಷನ್ನನ್ನು ನೇರವಾಗಿ ಕರೆಯುವ ಬದಲು ಪಿಕಾಲ್ ಕೈಗೆ ಕೊಟ್ಟು, ನೀನು ಕರೆ ಎನ್ನುತ್ತೇವೆ. ಎಲ್ಲ ಸರಿ ಹೋದರೆ ಅದು ‘ಸರಿ’ ಎಂಬ ಗುರುತನ್ನೂ ಉತ್ತರವನ್ನೂ ತಂದುಕೊಡುತ್ತದೆ. ಒಳಗೆ ಏನಾದರೂ ಮುರಿದರೆ ‘ತಪ್ಪು’ ಎಂಬ ಗುರುತನ್ನೂ ಏನಾಯಿತೆಂಬ ಸಂದೇಶವನ್ನೂ ತರುತ್ತದೆ. ಹೊರಗಿನ ಸ್ಕ್ರಿಪ್ಟು ಮಾತ್ರ ಬೀಳುವುದಿಲ್ಲ. ನಮ್ಮ ಊರ ಪೆಟ್ಟಿಗೆಯಲ್ಲಿ ಪ್ರತಿ ಸಾಲನ್ನೂ ಹೀಗೆ ಬೇರೆ ಬೇರೆ ಕರೆದಿದ್ದರೆ ಸಾಂದ್ರತೆಯ ಸಾಲೊಂದು ಖಾಲಿ ಇರುತ್ತಿತ್ತು. ಜಿಲ್ಲೆ, ತಾಲ್ಲೂಕು, ಪಿನ್ ಕೋಡ್ ಉಳಿಯುತ್ತಿದ್ದವು.

ಯಾರೂ ಹಿಡಿಯದಿದ್ದರೆ ತಪ್ಪು ಎಲ್ಲಿಗೆ ಹೋಗುತ್ತದೆ? ಒಂದರ ಕೆಳಗೊಂದು ಇರುವ ಕೆರೆಗಳಲ್ಲಿ ಮೇಲಿನದು ಕೋಡಿ ಬಿದ್ದರೆ ನೀರು ಕೆಳಗಿನದಕ್ಕೆ ಬರುತ್ತದೆ. ಅದೂ ತುಂಬಿದರೆ ಅದರ ಕೆಳಗಿನದಕ್ಕೆ, ಕಡೆಗೆ ಹೊಳೆಗೆ. ತಪ್ಪೂ ಹಾಗೆಯೇ ಕರೆದವರಿಗೆ, ಅವರನ್ನು ಕರೆದವರಿಗೆ ಎಂದು ದಾಟಿಕೊಂಡು ಹೋಗುತ್ತದೆ. ನಡುವೆ ಯಾರೂ ಹಿಡಿಯದಿದ್ದರೆ ಕೊನೆಯಲ್ಲಿ ವಿಕಿಪೀಡಿಯದ ತಂತ್ರಾಂಶವೇ ಹಿಡಿದು ಕೆಂಪು ಸಾಲಾಗಿ ಬರೆಯುತ್ತದೆ. ಆ ಕೆಂಪು ಸಾಲೇ ಕಡೆಯ ಕೋಡಿ. ಇಡೀ ಪುಟ ಮುಳುಗದೆ ಉಳಿದದ್ದು ಅದರಿಂದ.

ಹಾಗೆಂದು ಕಂಡಕಂಡಲ್ಲಿ ಪಿಕಾಲ್ ಸುತ್ತುವುದು ಜಾಣತನವಲ್ಲ. ಕನ್ನಡ ಅಂಕಿಯ ತೊಂದರೆಗೆ ಪಿಕಾಲ್ ಬೇಕಾಗಿಯೇ ಇರಲಿಲ್ಲ. ಕನ್ನಡ ಪುಟದಲ್ಲಿ ಕನ್ನಡ ಅಂಕಿ ಬರುತ್ತದೆಂಬುದು ಯಾರಾದರೂ ಎಣಿಸಬಹುದಾದ ಸಂಗತಿ. ೦ಗೆ 0, ೧ಕ್ಕೆ 1 ಎಂದು ಹತ್ತು ಸಾಲಿನ ಪಟ್ಟಿ ಮಾಡಿ ಮೊದಲು ತಿರುಗಿಸಿಕೊಳ್ಳಬೇಕು. ಆಮೇಲೂ ನಿಲ್ ಬಂದರೆ ಭಾಗಾಕಾರಕ್ಕೆ ಹೋಗದೆ ಅಲ್ಲೇ ತಿರುಗಬೇಕು. ಎಣಿಸಬಹುದಾದ ಸೋಲನ್ನು ತೂಬಿನಿಂದಲೇ ಬಿಡಬೇಕು: ಉತ್ತರದ ಜಾಗದಲ್ಲಿ ನಿಲ್, ಅದರ ಜೊತೆ ಕಾರಣ. ಲುವಾದ ಸ್ವಂತ ಗ್ರಂಥಾಲಯವೂ ಇದೇ ಪದ್ಧತಿಯಲ್ಲಿ ನಡೆಯುತ್ತದೆ. ಇಲ್ಲದ ಫೈಲನ್ನು ತೆರೆ ಎಂದರೆ ಅದು ಕುಸಿಯುವುದಿಲ್ಲ, ನಿಲ್ ಮತ್ತು ಕಾರಣ ಎರಡನ್ನೂ ಕೈಗೆ ಕೊಡುತ್ತದೆ. ಕೋಡಿ ಇರುವುದು ಎಣಿಸಲಾಗದ ಮಳೆಗೆ. ಯಾವುದು ತೂಬಿನದು, ಯಾವುದು ಕೋಡಿಯದು ಎಂದು ಬೇರ್ಪಡಿಸುವ ಕಣ್ಣು ಬರಲು ವರ್ಷಗಳು ಬೇಕು. ಅದು ಬಂದವರ ಬರಹ ಓದುವುದೇ ಒಂದು ಸುಖ.

ದೋಷ ನಿರ್ವಹಣೆಯ ಪುಸ್ತಕಗಳಲ್ಲಿ ಬರುವ ‘ಎಕ್ಸೆಪ್ಷನ್’ ಎಂಬುದಕ್ಕೆ ಕನ್ನಡದಲ್ಲಿ ‘ಅಪವಾದ’ ಎನ್ನುತ್ತೇವೆ. ನಿಯಮಕ್ಕೆ ಹೊರಗಾದದ್ದು ಅಪವಾದ. ಆದರೆ ಮನೆಮಾತಿನಲ್ಲಿ ಅಪವಾದ ಎಂದರೆ ಮೇಲೆ ಬಂದ ದೂರು. ‘ಸುಮ್ಮನೆ ನನ್ನ ಮೇಲೆ ಅಪವಾದ ಬಂತು’ ಎನ್ನುತ್ತೇವಲ್ಲ, ಆ ಅರ್ಥ. ಕಸುಬಿನಲ್ಲಿ ಎರಡು ಅರ್ಥವೂ ಕೂಡಿಯೇ ಬರುತ್ತವೆ. ತಪ್ಪನ್ನು ನಾವೇ ಎತ್ತಿ ಹೇಳುವಾಗ ಲುವಾದ ‘ಎರರ್’ ಎಂಬ ಫಂಕ್ಷನ್ ಸಂದೇಶದ ಜೊತೆ ಒಂದು ಅಂಕಿಯನ್ನೂ ತೆಗೆದುಕೊಳ್ಳುತ್ತದೆ. 1 ಎಂದರೆ ತಪ್ಪು ಎತ್ತಿದ ಸಾಲಿನತ್ತಲೇ ಬೆರಳು. 2 ಎಂದರೆ ಈ ಫಂಕ್ಷನ್ನನ್ನು ಕರೆದ ಸಾಲಿನತ್ತ ಬೆರಳು. ನಾನು ವಿಸ್ತೀರ್ಣ ಕೇಳಿದೆ, ನೀವು ಊರಿನ ಹೆಸರು ಕೊಟ್ಟಿರಿ ಎಂದಾದರೆ ಅಪವಾದ ಕರೆದವರ ತಲೆಗೆ ಹೋಗಬೇಕು, ಆದ್ದರಿಂದ 2. ನನ್ನ ಲೆಕ್ಕವೇ ತಾಳ ತಪ್ಪಿದ್ದರೆ 1. ಆ ಒಂದು ಅಂಕಿಯನ್ನು ಯೋಚಿಸಿ ಹಾಕಿದವರ ಫೈಲಿನಲ್ಲಿ ತಪ್ಪು ಹುಡುಕುವವರು ನೇರವಾಗಿ ಸರಿಯಾದ ಬಾಗಿಲಿಗೇ ಬಂದು ನಿಲ್ಲುತ್ತಾರೆ. ನಿರಪರಾಧಿ ಸಾಲನ್ನು ಗಂಟೆಗಟ್ಟಲೆ ಕೆದಕುವ ಕಷ್ಟ ತಪ್ಪುತ್ತದೆ.

ಕೋಡಿಗೆ ಅಡ್ಡಲಾಗಿ ಮಣ್ಣಿನ ಮೂಟೆ ಪೇರಿಸಿ ಇನ್ನೊಂದಿಷ್ಟು ನೀರು ನಿಲ್ಲಿಸಿಕೊಳ್ಳುವ ಆಸೆ ಕೆರೆಯ ಊರುಗಳಿಗೆ ಹೊಸದಲ್ಲ. ಅದರ ಫಲ ಏರಿ ಉಣ್ಣುತ್ತದೆ. ಸ್ಕ್ರಿಪ್ಟಿನಲ್ಲಿ ಇದಕ್ಕೆ ಸಮನಾದದ್ದು ಪಿಕಾಲ್ ಮಾಡಿ, ಅದು ತಂದ ಗುರುತನ್ನೂ ಸಂದೇಶವನ್ನೂ ನೋಡದೆ ಬಿಸಾಡುವುದು. ಹೊರಗಿನಿಂದ ಎಲ್ಲ ನೆಟ್ಟಗಿರುತ್ತದೆ. ಒಳಗೆ ತಪ್ಪು ನಡೆಯುತ್ತಲೇ ಇರುತ್ತದೆ. ಒಮ್ಮೆ ನಾನೇ ಬರೆದ ಒಂದು ಸ್ಕ್ರಿಪ್ಟಿನಲ್ಲಿ, ಬೇಗ ಮುಗಿಸುವ ಆತುರದಲ್ಲಿ, ಹೀಗೆ ಬಾಯಿ ಮುಚ್ಚಿಸಿದ್ದೆ. ಪಟ್ಟಿಯಲ್ಲಿ ಹಲವು ಹಳ್ಳಿಗಳು ಬಿಟ್ಟುಹೋದದ್ದು ತಿಂಗಳುಗಳ ಮೇಲೆ ತಿಳಿಯಿತು. ಬಿಟ್ಟುಹೋದವು ಯಾವುವು ಎಂದು ಹೇಳಬಲ್ಲ ಸಂದೇಶವನ್ನು ನನ್ನ ಕೈಯಾರೆ ಎಸೆದಿದ್ದೆ. ಅಂದಿನಿಂದ ಖಾಲಿ ಪಿಕಾಲನ್ನು ಯಾರ ಫೈಲಿನಲ್ಲಿ ಕಂಡರೂ ಸುಮ್ಮನೆ ದಾಟಲು ನನಗೆ ಆಗುವುದಿಲ್ಲ.

ಈಗ ಏರಿ ಮತ್ತು ಕೋಡಿ ಸೇರುವ ಜಾಗಕ್ಕೆ ಬರೋಣ. ಕಸುಬಿನ ಅತ್ಯಂತ ನಯವಾದ ಭಾಗ ಇದು. ಪಿಕಾಲ್ ಒಳಗೆ ನಡೆದ ಫಂಕ್ಷನ್ ಬಿದ್ದಾಗ ಅದರ ಲೋಕಲ್ ಹೆಸರುಗಳೆಲ್ಲ ಅದರ ಜೊತೆಗೇ ಹೋಗುತ್ತವೆ. ಏರಿಯೊಳಗಿದ್ದದ್ದು ಏರಿಯ ಜೊತೆ ಮುಗಿಯಿತು. ಮುನ್ನೂರು ಹಳ್ಳಿಗಳ ಲೆಕ್ಕ ಮಾಡುತ್ತ ನಡುವೆ ಬಿದ್ದರೆ, ಹೊರಗೆ ನಿಂತವರ ಕೈಗೆ ಸಿಗುವುದು ‘ನಿಲ್ ಮೇಲೆ ಲೆಕ್ಕ ಮಾಡಲಾಗದು’ ಎಂಬ ಸಂದೇಶ ಮಾತ್ರ. ಯಾವ ಹಳ್ಳಿ? ಆ ಹೆಸರು ಒಳಗಿನದು, ಆಗಲೇ ಹೋಯಿತು. ಪಳಗಿದವರು ‘ಈಗಿನ ಊರು’ ಎಂಬ ಒಂದು ಹೆಸರನ್ನು ರಕ್ಷಿತ ಕರೆಯ ಹೊರಗೆ, ಆದರೆ ತಮ್ಮ ಫಂಕ್ಷನ್ನಿನ ಒಳಗೆ, ಲೋಕಲ್ ಆಗಿಯೇ ಇಟ್ಟಿರುತ್ತಾರೆ. ಒಳಗಿನ ಕೆಲಸ ಹಳ್ಳಿಯಿಂದ ಹಳ್ಳಿಗೆ ಹೋಗುವಾಗ ಅದರಲ್ಲಿ ಊರಿನ ಹೆಸರು ಬರೆದಿಟ್ಟು ಹೋಗುತ್ತದೆ. ಬಿದ್ದಾಗ ಅಲ್ಲಿ ಉಳಿದಿರುವ ಹೆಸರೇ ಸುಳಿವು. ಇಡೀ ಲೋಕಕ್ಕೆ ಸಾರ್ವಜನಿಕವಾಗಿಸಲಿಲ್ಲ, ಕೈಗೆ ಸಿಗದಷ್ಟು ಒಳಗೂ ಹೂಳಲಿಲ್ಲ. ಒಂದು ಮೆಟ್ಟಿಲು ಹೊರಗೆ, ಅಷ್ಟೇ. ಆ ಒಂದು ಮೆಟ್ಟಿಲನ್ನು ಸರಿಯಾಗಿ ಆರಿಸುವವರನ್ನು ಕಂಡರೆ ನನಗೆ ಗೌರವ.

ಲುವಾದಲ್ಲಿ ಇನ್ನೂ ಒಂದು ಉಪಾಯವಿದೆ, ‘ಎಕ್ಸ್‌ಪಿಕಾಲ್’. ಹಳೆಯ ಮೈಸೂರಿನ ಕೆರೆಗಳಿಗೆ ನೀರುಗಂಟಿ ಎಂಬವರಿದ್ದರು. ತೂಬು ಎತ್ತುವುದು, ಇಳಿಸುವುದು, ಕೋಡಿ ಕಾಯುವುದು ಅವರ ಕೆಲಸ. ಪಿಕಾಲ್ ನೀರೆಲ್ಲ ಹರಿದು ಹೋದ ಮೇಲೆ ಬಂದು ಸುದ್ದಿ ಹೇಳುತ್ತದೆ. ಎಕ್ಸ್‌ಪಿಕಾಲ್ ಜೊತೆ ನಾವೊಬ್ಬ ನೀರುಗಂಟಿಯನ್ನು ನೇಮಿಸುತ್ತೇವೆ, ಅಂದರೆ ದೋಷ ಬಂದ ಕ್ಷಣದಲ್ಲಿ, ಏನೂ ಕುಸಿಯುವ ಮುಂಚೆ, ಆ ಜಾಗದಲ್ಲೇ ಓಡುವ ಒಂದು ಫಂಕ್ಷನ್. ಯಾರು ಯಾರನ್ನು ಕರೆದು ಇಲ್ಲಿಗೆ ಬಂದೆವು ಎಂಬ ಪೂರ್ತಿ ಸರಪಳಿ ಆ ಕ್ಷಣದಲ್ಲಿ ಇನ್ನೂ ನಿಂತಿರುತ್ತದೆ. ನೀರುಗಂಟಿ ಅದನ್ನು ಬರೆದುಕೊಂಡು ಹೊರಗೆ ಕಳಿಸುತ್ತಾನೆ. ಅವನ ಕೆಲಸ ಚಿಕ್ಕದಾಗಿರಬೇಕು. ದೋಷ ಹಿಡಿಯುವ ಫಂಕ್ಷನ್ನಿನಲ್ಲೇ ದೋಷವಾದರೆ ಲುವಾಕ್ಕೂ ಹೆಚ್ಚೇನೂ ಹೇಳಲು ಆಗುವುದಿಲ್ಲ, ದೋಷ ನಿರ್ವಹಣೆಯಲ್ಲೇ ದೋಷ ಎಂದು ಹೇಳಿ ಮುಗಿಸುತ್ತದೆ. ಆದ್ದರಿಂದ ಅಲ್ಲಿ ಲೆಕ್ಕಾಚಾರ ಬೇಡ, ಅಲಂಕಾರ ಬೇಡ. ಬರೆದುಕೋ, ಕಳಿಸು.

ಎತ್ತಿದ ತೂಬನ್ನು ಇಳಿಸುವುದೂ ನೀರುಗಂಟಿಯ ಧರ್ಮ. ತೆರೆದ ಫೈಲನ್ನು ಮುಚ್ಚಬೇಕು, ತಾತ್ಕಾಲಿಕವಾಗಿ ಬದಲಿಸಿದ್ದನ್ನು ಮೊದಲಿನಂತೆ ಇಡಬೇಕು, ನಡುವೆ ಏನೇ ಮುರಿದಿರಲಿ. ಬಹುಕಾಲ ಲುವಾದಲ್ಲಿ ಇದನ್ನು ಕೈಯಿಂದಲೇ ಮಾಡಬೇಕಿತ್ತು. 2020ರಲ್ಲಿ ಬಂದ 5.4 ಆವೃತ್ತಿಯಲ್ಲಿ ಲೋಕಲ್ ಹೆಸರಿನ ಪಕ್ಕದಲ್ಲಿ ‘ಕ್ಲೋಸ್’ ಎಂಬ ಗುರುತು ಹಾಕಲು ಬಂತು. ಆ ಹೆಸರಿನ ವ್ಯಾಪ್ತಿ ಮುಗಿದ ಕೂಡಲೇ, ಮುಗಿದದ್ದು ಸಹಜವಾಗಿಯೋ ತಪ್ಪಿನಿಂದಲೋ ಎಂದು ನೋಡದೆ, ಅದರ ಮುಚ್ಚುವ ಕೆಲಸ ತಾನಾಗಿ ನಡೆಯುತ್ತದೆ. ಹೆಸರಿನ ಏರಿ ಮುಗಿಯುವ ಕಡೆಯೇ ತಪ್ಪಿನ ಕಾವಲೂ ನಿಂತಿತು. ವಿಕಿಪೀಡಿಯದಲ್ಲಿರುವುದು ಹಳೆಯ 5.1 ಆದ್ದರಿಂದ ಈ ಸವಲತ್ತು ಅಲ್ಲಿ ಸಿಗದು.

ಕನ್ನಡದಲ್ಲಿ ಕೆಲಸ ಮಾಡುವವರು ಮರೆಯಬಾರದ ಇನ್ನೊಂದು ಸಂಗತಿಯಿದೆ. ‘ಚೌಳಹಿರಿಯೂರು’ ಎಂಬುದರ ಉದ್ದ ಎಷ್ಟು? ನಮ್ಮ ಬಾಯಿಗೆ ಆರು ಅಕ್ಷರ: ಚೌ, ಳ, ಹಿ, ರಿ, ಯೂ, ರು. ಯುನಿಕೋಡಿನ ಲೆಕ್ಕದಲ್ಲಿ ವ್ಯಂಜನ, ಸ್ವರಚಿಹ್ನೆಗಳು ಬೇರೆ ಬೇರೆಯಾದ್ದರಿಂದ ಹನ್ನೊಂದು. ಲುವಾದ ಮೂಲ ಎಣಿಕೆಯಲ್ಲಿ 33, ಏಕೆಂದರೆ ಅದು ಎಣಿಸುವುದು ಬೈಟುಗಳನ್ನು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ಮೊದಲ ಹತ್ತನ್ನು ಕತ್ತರಿಸಿ ಕೊಡು ಎಂದರೆ ‘ಚೌಳ’ದ ಒಂಬತ್ತು ಬೈಟು, ಅದರ ಹಿಂದೆ ‘ಹ’ಕಾರದ ಮೂರನೆಯ ಒಂದು ಭಾಗ. ಪರದೆಯ ಮೇಲೆ ಅದೊಂದು ಮುರುಕು ಚೌಕ. ಲುವಾಕ್ಕೆ ಇದರಲ್ಲಿ ದೋಷವೇ ಕಾಣುವುದಿಲ್ಲ. ಯಾವ ಕೋಡಿಯೂ ಬೀಳುವುದಿಲ್ಲ. ಇಂಥ ಕಡೆ ದೋಷವನ್ನು ನಾವೇ ಹುಟ್ಟಿಸಬೇಕು. ಕತ್ತರಿಸಿದ ಮೇಲೆ ಉಳಿದದ್ದು ನೆಟ್ಟಗಿದೆಯೇ ಎಂದು ‘ಅಸರ್ಟ್’ ಹಾಕಿ ಕೇಳಬೇಕು, ಇಲ್ಲದಿದ್ದರೆ ಅಲ್ಲೇ ನಿಲ್ಲಿಸಬೇಕು. ವಿಕಿಪೀಡಿಯದ ಲುವಾದಲ್ಲಿ ಯುನಿಕೋಡಿಗೆಂದೇ ಬೇರೆ ಕತ್ತರಿ, ಬೇರೆ ಅಳತೆಗೋಲು ಕೊಟ್ಟಿದ್ದಾರೆ. ಅವನ್ನೇ ಬಳಸಬೇಕು. ಅವುಗಳ ಪ್ರಕಾರವೂ ನಮ್ಮೂರಿನ ಉದ್ದ ಹನ್ನೊಂದು, ಆರಲ್ಲ. ಆರು ಎಂದು ಎಣಿಸುವ ಫಂಕ್ಷನ್ನನ್ನು ಕನ್ನಡ ಬಲ್ಲವರೇ ಬರೆಯಬೇಕು.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಸ್ಕ್ರಿಪ್ಟು ಬಿದ್ದ ಪುಟಗಳು ಅದರಲ್ಲಿ ತಾವಾಗಿಯೇ ಒಂದು ವರ್ಗಕ್ಕೆ ಸೇರಿಕೊಳ್ಳುತ್ತವೆ. ಯಾರು ಬೇಕಾದರೂ ಆ ವರ್ಗವನ್ನು ತೆರೆದು ನೋಡಬಹುದು. ಈ ಲೇಖನ ಓದಿದವರಲ್ಲಿ ನನ್ನದೊಂದು ಕೋರಿಕೆ. ಇವತ್ತು ನಿಮ್ಮ ಊರಿನ ಪುಟ ತೆರೆಯಿರಿ, ಚೌಳಹಿರಿಯೂರಿರಲಿ, ಅಜ್ಜಂಪುರ, ತರೀಕೆರೆ ಇರಲಿ. ಕೆಂಪು ಸಾಲು ಕಂಡರೆ ಅದರ ಮೇಲೆ ಒತ್ತಿ. ಯಾವ ಮಾಡ್ಯೂಲು, ಎಷ್ಟನೆಯ ಸಾಲು ಎಂಬುದು ಅಲ್ಲೇ ಕಾಣುತ್ತದೆ. ಸರಿಪಡಿಸಲು ಬಂದರೆ ಸರಿಪಡಿಸಿ, ಬಾರದಿದ್ದರೆ ಆ ಎರಡನ್ನೂ ಮಾಡ್ಯೂಲಿನ ಚರ್ಚೆ ಪುಟದಲ್ಲಿ ಬರೆದಿಡಿ.